ಒಂದು ರೊಟ್ಟಿ ಬೇಯುವಷ್ಟು ಹೊತ್ತು

ರಾಜ್ಯ ತಂಡದ ಆಯ್ಕೆ ಶಿಬಿರಕ್ಕೆ ಹೋದ ಐದನೆಯ ದಿನ ಬೆಳಿಗ್ಗೆ ಸ್ನೇಹಲ ಫೋನು ಮಾಡಿ, "ಸರ್, ನಾ ಮನಿಗಿ ಬರ್ತೀನ್ರಿ" ಅಂದಳು.

ಪಾರಿಸ ಅಂಗಳದ ಕಟ್ಟೆಯ ಮೇಲೆ ಕೂತು ಸೈಕಲ್ ಪಂಪಿನಿಂದ ಬ್ಯಾಸ್ಕೆಟ್‌ಬಾಲಿಗೆ ಗಾಳಿ ಹಾಕುತ್ತಿದ್ದ. ಕೈ ನಿಲ್ಲಿಸಿದ. ಬೇರೆ ಯಾವ ಕೋಚ್ ಆಗಿದ್ದರೂ ಯಾಕೆ, ಏನಾಯಿತು, ಯಾರು ಏನಂದರು ಎಂದು ಕೇಳುತ್ತಿದ್ದ. ಪಾರಿಸ ಕೇಳಿದ್ದು ಒಂದೇ ಮಾತು.

"ಊಟ?"

ಫೋನಿನಲ್ಲಿ ಅವಳ ಹಿಂದೆ ಹುಡುಗಿಯರ ಗದ್ದಲ, ಬಕೆಟ್ಟಿಗೆ ನೀರು ಬೀಳುವ ಸಪ್ಪಳ ಕೇಳುತ್ತಿತ್ತು.

"ರಾತ್ರಿ ಮೆಸ್ ಎಷ್ಟಕ್ಕ ತಗೀತಾರ?"

"ಎಂಟಕ್ರಿ." ಹುಡುಗಿ ದನಿ ಇಳಿಸಿದಳು. "ಸರ್, ಯಾರಿಗೂ ಹೇಳಬ್ಯಾಡ್ರಿ. ಪಪ್ಪಾಗೂ ಹೇಳಬ್ಯಾಡ್ರಿ. ಹೊಟ್ಟಿ ಸರಿ ಇಲ್ಲಂತ ಹೇಳೇನಿ."

"ಹೂಂ" ಎಂದು ಪಾರಿಸ ಫೋನು ಇಟ್ಟ. ಚೆಂಡಿಗೆ ಇನ್ನೂ ನಾಲ್ಕು ಸಲ ಪಂಪು ಹೊಡೆದು, ಬೆರಳಿನಿಂದ ಒತ್ತಿ ನೋಡಿದ. ಬಲಗೈಯ ಉಂಗುರ ಬೆರಳಿನಿಂದ ಒತ್ತಿದ್ದರಿಂದ ಏನೂ ಗೊತ್ತಾಗಲಿಲ್ಲ. ಆ ಬೆರಳಿಗೆ ಮೂವತ್ತಮೂರು ವರ್ಷಗಳಿಂದ ಸ್ಪರ್ಶವಿಲ್ಲ.

ಕಾಗವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳಬೇಕು. ಇಲ್ಲಿಯ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂಬ ನೇಮ ಹಿಡಿಯುತ್ತಾರೆ. ಎಲ್ಲರೂ ಹಿಡಿಯುವುದಿಲ್ಲ, ಹಿಡಿದವರು ಬಿಡುವುದಿಲ್ಲ. ಈ ಸಲ ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳು ಪ್ರವಚನ ಮುಗಿಸಿ, ಯಾರಿಂದ ಆಗುತ್ತದೋ ಅವರಷ್ಟೇ ಕೈ ಎತ್ತಿ ಎಂದಿದ್ದರು. ಸ್ನೇಹಲ ಎತ್ತಿದಳು. ಪಕ್ಕದಲ್ಲಿ ಕೂತಿದ್ದ ಅವಳ ಆಯಿ ಮೊಮ್ಮಗಳ ತಲೆ ಸವರಿದಳು. ಊರಲ್ಲಿದ್ದರೆ ಅದು ಕಷ್ಟದ ನೇಮವೂ ಅಲ್ಲ. ಸಂಜೆ ಐದೂವರೆಗೆ ಓಣಿಯ ಮನೆಮನೆಯಲ್ಲೂ ತಾಟು ಹಾಕುವ ಸಪ್ಪಳ ಕೇಳುತ್ತದೆ. ಪಾರಿಸನ ಪ್ರಾಕ್ಟೀಸ್ ಕೂಡ ಐದಕ್ಕೆ ಮುಗಿಯುತ್ತದೆ. ಕಷ್ಟ ಶುರುವಾಗುವುದು ಊರು ದಾಟಿದ ಮೇಲೆ.

ನೇಮದ ಜೊತೆಗೆ ಹಿರಿಯರು ಇನ್ನೊಂದು ಮಾತನ್ನೂ ಕಲಿಸಿರುತ್ತಾರೆ. ನಮ್ಮ ನೇಮದ ಭಾರವನ್ನು ಇನ್ನೊಬ್ಬರ ತಲೆಯ ಮೇಲೆ ಹೊರಿಸಬಾರದು, ಡಂಗುರ ಹೊಡೆದ ನೇಮಕ್ಕೆ ಫಲವಿಲ್ಲ ಎಂದು. ಮಾತು ಒಳ್ಳೆಯದೇ. ಆದರೆ ಹದಿನಾರು ಹದಿನೇಳರ ವಯಸ್ಸಿನಲ್ಲಿ ಅದನ್ನು ಕೇಳಿದವರು, ಜೀವ ಹೋದರೂ ಬಾಯಿ ಬಿಡಬಾರದು ಎಂದೇ ತಿಳಿಯುತ್ತಾರೆ.

ಪಾರಿಸನೂ ಹಾಗೇ ತಿಳಿದಿದ್ದ.

ಆಗ ಅವನಿಗೆ ಹದಿನೇಳು. ಆರಡಿ ಎರಡಂಗುಲ ಎತ್ತರ. ಹೈಸ್ಕೂಲಿನ ಮಣ್ಣಿನ ಅಂಗಳದಲ್ಲಿ ಆಡಿ, ಬೆಳಗಾವಿಯಲ್ಲಿ ಆಡಿ, ಕೊನೆಗೆ ರಾಜ್ಯ ಜೂನಿಯರ್ ತಂಡದ ಶಿಬಿರಕ್ಕೆಂದು ಬೆಂಗಳೂರಿಗೆ ಹೋದ. ಇಪ್ಪತ್ತೊಂದು ದಿನದ ಶಿಬಿರ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಊಟ, ನಾಲ್ಕೂವರೆಗೆ ಒಂದು ಬಾಳೆಹಣ್ಣು, ಏಳರವರೆಗೆ ಪ್ರಾಕ್ಟೀಸ್, ಎಂಟಕ್ಕೆ ಊಟ. ಹನ್ನೆರಡನೆಯ ವಯಸ್ಸಿನಲ್ಲಿ ಗೆಳೆಯರೆಲ್ಲ ಕೈ ಎತ್ತಿದಾಗ ಅವನೂ ಎತ್ತಿ ಹಿಡಿದ ನೇಮ ಅವನ ಜೊತೆಗೇ ರೈಲು ಹತ್ತಿತ್ತು. ಮೊದಲ ರಾತ್ರಿ ಯಾರೋ ಊಟಕ್ಕೆ ಕರೆದರು. ತನ್ನ ಕನ್ನಡ ಕೇಳಿ ಅದಾಗಲೇ ಎರಡು ಸಲ ನಕ್ಕಿದ್ದವರ ಮುಂದೆ ನೇಮದ ಮಾತು ಎತ್ತಲು ಅವನಿಗೆ ನಾಲಿಗೆ ಏಳಲಿಲ್ಲ. "ಹೊಟ್ಟಿ ಸರಿ ಇಲ್ಲ" ಅಂದ. ಎರಡನೆಯ ರಾತ್ರಿಯೂ ಅದನ್ನೇ ಅಂದ. ಮೂರನೆಯ ರಾತ್ರಿಯಿಂದ ಯಾರೂ ಕೇಳಲಿಲ್ಲ. ಹನ್ನೆರಡನೆಯ ದಿನ ಸಂಜೆ ರಿಂಗಿಗೆ ಬಡಿದು ಪುಟಿದ ಚೆಂಡಿಗೆಂದು ಹಾರಿದವನು ಮೇಲೆಯೇ ಕಣ್ಣಿಗೆ ಕತ್ತಲೆ ಬಂದು ಕೆಳಗೆ ಬಿದ್ದ. ಬೀಳುವಾಗ ಕೈ ಅಡಿಯಲ್ಲಿ ಸಿಕ್ಕು ಬೆರಳು ಹಿಂದಕ್ಕೆ ಮುರಿಯಿತು. ಶಿಬಿರದ ಕೋಚ್ ಅವನ ಹೆಸರಿನ ಮುಂದೆ "ದಮ್ ಇಲ್ಲ" ಎಂದು ಬರೆದು ಮನೆಗೆ ಕಳಿಸಿದರು.

ಊರಿನವರು ನೋಡಿದ್ದು ಪಟ್ಟಿ ಕಟ್ಟಿದ ಬೆರಳನ್ನು ಮಾತ್ರ. ಅಲ್ಲಿಂದ ಕಥೆ ತಾನೇ ಬೆಳೆಯಿತು. ಬೆರಳು ಮುರಿಯದಿದ್ದರೆ ಪಾರಿಸ ಇಂಡಿಯಾಕ್ಕೆ ಆಡುತ್ತಿದ್ದ ಎಂದು ಚಹದಂಗಡಿಯಲ್ಲಿ ಹೇಳಿದರು. ಕನ್ನಡದಲ್ಲಿ ಹೇಳಿದ್ದನ್ನು ಮಿರಜದ ಕಡೆಯವರು ಮರಾಠಿಯಲ್ಲಿ ಹೇಳಿದರು. ಶಾಲೆಯ ಸತ್ಕಾರಗಳಲ್ಲಿ ಶಾಲು ಹೊದಿಸುವವರು ಆ ಬೆರಳನ್ನು ಎತ್ತಿ ಮಕ್ಕಳಿಗೆ ತೋರಿಸಿದರು. ಪಾರಿಸ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸುಳ್ಳನ್ನು ತಾನು ಹೇಳಿದ್ದಲ್ಲವಲ್ಲ ಎಂದು ಮೊದಮೊದಲು ಅನ್ನಿಸುತ್ತಿತ್ತು. ಆಮೇಲೆ ಏನೂ ಅನ್ನಿಸುವುದು ನಿಂತಿತು.

ಇಪ್ಪತ್ಮೂರಕ್ಕೆ ಮಿರಜದ ಏಜೆಂಟನೊಬ್ಬನ ಮೂಲಕ ಕುವೈತಿಗೆ ಹೋಗಿ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆದ. ಆಟ ಬಿಟ್ಟು ಆರು ವರ್ಷವಾಗಿತ್ತು. ಅಲ್ಲಿ ಅದನ್ನು ಮತ್ತೆ ಹಚ್ಚಿದವನು ದಾನಿಲೋ, ಫಿಲಿಪೀನ್ಸಿನವನು. ನಮ್ಮಲ್ಲಿ ಓಣಿಗೊಂದು ಕ್ರಿಕೆಟ್ ಇದ್ದ ಹಾಗೆ ಅವನ ದೇಶದಲ್ಲಿ ಓಣಿಗೊಂದು ಬ್ಯಾಸ್ಕೆಟ್‌ಬಾಲ್ ರಿಂಗು ಇರುತ್ತದಂತೆ. ದಾನಿಲೋ ಸೆಬು ಎಂಬ ಊರಿನ ಒಂದು ಕಂಪನಿ ತಂಡಕ್ಕೆ ಆಡಿದ್ದ. ಇಪ್ಪತ್ತಾರಕ್ಕೆ ಮೊಣಕಾಲು ಹೋಯಿತು. ಆಮೇಲೆ ಒಂದು ಶಾಲೆಯಲ್ಲಿ ಕೋಚ್ ಆದ, ಸಂಬಳ ಸಾಲದೆ ಕುವೈತಿಗೆ ಬಂದು ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಶುಕ್ರವಾರದ ರಜೆಗೆ ಮಾತ್ರ ಮತ್ತೆ ಕೋಚ್. ಕುಳ್ಳ, ಕುಂಟ, ಬಾಯಿ ಮಾತ್ರ ಕಾರ್ಖಾನೆಯ ಭೋಂಗಾದಂಥದು. ಯಾರಾದರೂ ಚೆಂಡು ಹಿಡಿದು ಏನು ಮಾಡಲೆಂದು ನಿಂತರೆ "ಸಿಗೇ! ಸಿಗೇ!" ಎಂದು ಕೂಗುತ್ತಿದ್ದ. ನಡಿ, ಮಾಡು, ಆಗಲಿ ಎಂಬುದಕ್ಕೆಲ್ಲ ಅವರ ಭಾಷೆಯಲ್ಲಿ ಅದೊಂದೇ ಮಾತು.

"ಆಟಗಾರನಿಗೆ ಬಾಯಿ ಇರೋದಿಲ್ಲ ಪಾರಿಸ," ಎಂದು ಅವನು ತನ್ನ ಮುರುಕು ಹಿಂದಿಯಲ್ಲಿ ಒಮ್ಮೆ ಹೇಳಿದ್ದ. "ಉಸಿರಿಗೇ ಸಾಲೋದಿಲ್ಲ, ಮಾತಿಗೆಲ್ಲಿಂದ ಬರಬೇಕು? ಅದಕ್ಕೇ ಹೊರಗೊಬ್ಬ ನಿಂತಿರ್ತಾನೆ. ಕೋಚ್ ಅಂದರೆ ಆಟಗಾರನ ಬಾಯಿ."

ಶುಕ್ರವಾರದ ಆಟ ಮುಗಿಯುವ ಹೊತ್ತಿಗೆ ಕತ್ತಲಾಗುತ್ತಿತ್ತು. ಎಲ್ಲರೂ ಕೂಡಿ ಉಣ್ಣುತ್ತಿದ್ದರು. ಪಾರಿಸ ಅಲ್ಲೂ ಹೊಟ್ಟೆ ಸರಿ ಇಲ್ಲ ಅಂದ. ದಾನಿಲೋ ಅದನ್ನು ನಂಬಿ ಪ್ರತಿ ಶುಕ್ರವಾರ ಗುಳಿಗೆ ತಂದುಕೊಡುತ್ತಿದ್ದ. ಆರು ವರ್ಷಗಳ ಗುಳಿಗೆಗಳು ಪಾರಿಸನ ಟ್ರಂಕಿನಲ್ಲಿ ಹಾಗೇ ಉಳಿದಿದ್ದವು.

ಊರಿಗೆ ಮರಳಿದ ಮೇಲೆ ಹೈಸ್ಕೂಲಿನಲ್ಲಿ ಗುತ್ತಿಗೆಯ ದೈಹಿಕ ಶಿಕ್ಷಕನ ಕೆಲಸ ಸಿಕ್ಕಿತು. ದ್ರಾಕ್ಷಿ ಪಡದಲ್ಲಿ ಬಳ್ಳಿಗೆ ನಿಲ್ಲಿಸುವ ಕಬ್ಬಿಣದ ಆಂಗಲ್‌ಗಳನ್ನೇ ಬೆಸೆಸಿ ಎರಡು ಕಂಬ ಮಾಡಿಸಿದ, ಸಿಮೆಂಟಿನ ಅಂಗಳ ಹಾಕಿಸಿದ, ಹುಡುಗಿಯರನ್ನು ಕಟ್ಟಿಕೊಂಡು ಆಡಿಸಿದ. ಕಾಗವಾಡದ ಹುಡುಗಿಯರು ಈಗಲೂ ಆಟದ ನಡುವೆ "ಸಿಗೇ! ಸಿಗೇ!" ಎಂದು ಕೂಗುತ್ತಾರೆ. ಬೇರೆ ಊರಿನವರು ಅದನ್ನು ಮರಾಠಿ ಅಂದುಕೊಳ್ಳುತ್ತಾರೆ, ಮಿರಜದವರು ಕನ್ನಡ ಅಂದುಕೊಳ್ಳುತ್ತಾರೆ.

ಇಪ್ಪತ್ತು ವರ್ಷದಲ್ಲಿ ಆ ಹುಡುಗಿಯರು ರಾಯಬಾಗದಲ್ಲಿ ಗೆದ್ದರು, ಅಥಣಿಯಲ್ಲಿ ಗೆದ್ದರು, ಎರಡು ಸಲ ಬೆಳಗಾವಿಯಲ್ಲೂ ಗೆದ್ದರು. ಗೆದ್ದಾಗ ಹುಡುಗಿಯರು ಅಳುತ್ತಿದ್ದರು, ಕುಣಿಯುತ್ತಿದ್ದರು. ಪಾರಿಸ ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುತ್ತಿದ್ದ. ಸೋತಾಗಲೂ ತುಂಬುತ್ತಿದ್ದ. ಸರ್ ಬಹಳ ಸಮಾಧಾನಿ ಎಂದು ಊರು ಹೊಗಳಿತು. ಹೆಂಡತಿ ರಾಜಮತಿ ಮಾತ್ರ ಹೊಗಳುತ್ತಿರಲಿಲ್ಲ.

"ಶಾಂತಿನಾಥ ಬಂದಾನ್ರಿ," ಎಂದು ಅವಳು ಈಗ ಒಳಗಿನಿಂದಲೇ ಕೂಗಿದಳು. "ಮಗಳನ್ನ ಕರಕೊಂಡ ಬರಾಕ ನಿಪ್ಪಾಣಿಗಿ ಹೊಂಟಾನಂತ. ನೀವೂ ಬರಬೇಕಂತ."

ಸ್ನೇಹಲಳ ಅಪ್ಪ ಶಾಂತಿನಾಥ ಬಾಗಿಲಲ್ಲಿ ನಿಂತಿದ್ದ. ನಾಲ್ಕೆಕರೆ ದ್ರಾಕ್ಷಿ, ಒಂದು ಪಿಕಪ್, ಒಬ್ಬಳೇ ಮಗಳು. ಅಂಗಿಯ ಮೇಲೆ ಬಳ್ಳಿಗೆ ಹೊಡೆದ ಔಷಧದ ನೀಲಿ ಕಲೆ ಇನ್ನೂ ಹಸಿಯಾಗಿತ್ತು.

"ಮುಂಜಾನಿ ಫೋನ್ ಮಾಡಿದ್ಲು ಸರ್. ಹೊಟ್ಟಿ ಬ್ಯಾನಿ ಅಂತ. ಮಿರಜಕ್ಕ ತೋರಸೂಣು ಅಂತೀನಿ. ನೀವ್ ಬಂದ್ರ ಆ ಕೋಚ್ ಲಗೂನ ಬಿಡ್ತಾನ."

ಪಾರಿಸ ಒಳಗೆ ಹೋಗಿ ಅಂಗಿ ಬದಲಿಸಿದ. ರಾಜಮತಿ ಬಾಟಲಿಗೆ ನೀರು ತುಂಬಿಕೊಡುತ್ತ ಅವನ ಮುಖವನ್ನೇ ನೋಡಿದಳು.

"ಅಕಿ ಬಂದ ಬಿಟ್ರ ಮುಗೀತಲ್ಲ. ಹದಿನೆಂಟರಾಗ ಹನ್ನೆರಡ ಮಂದಿ ಆರಸ್ತಾರಂತ ನೀವ ಹೇಳಿದ್ರಿ."

"ಹೌದು."

"ಕಾಗವಾಡದಿಂದ ಇಲ್ಲೀತನಕ ಯಾರೂ ಹೋಗಿಲ್ಲಂತ ಹೇಳಿದ್ರಿ."

"ಹೌದು."

"ಮತ್ತ ನೀವ್ ಹೋಗಿ ಏನ್ ಮಾಡವ್ರು? ಮೈಲಗಲ್ಲಿನಂಗ ನಿಂತ ಬರವ್ರು?"

ಪಾರಿಸ ಬಾಟಲಿ ತೆಗೆದುಕೊಂಡ. ಅವಳು ಹೇಳಿದ್ದು ಸರಿ ಎನ್ನಿಸಿತು. ಸಿಟ್ಟು ಬರಲಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಹೊರಟರು. ನವೆಂಬರ್ ತಿಂಗಳು. ಕಬ್ಬಿನ ಹಂಗಾಮು ಶುರುವಾಗಿತ್ತು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ರಸ್ತೆಯ ತುಂಬ ತೂಗಾಡುತ್ತಿದ್ದವು. ಮಾಂಜರಿ ಸೇತುವೆಯ ಮೇಲೆ ಒಂದರ ಹಿಂದೆ ಸಿಕ್ಕಿಕೊಂಡು ಇಪ್ಪತ್ತು ನಿಮಿಷ ನಿಲ್ಲಬೇಕಾಯಿತು. ಶಾಂತಿನಾಥ ಬಾಯಿ ಮುಚ್ಚುವವನಲ್ಲ.

"ಅವ್ವ ಓಮ ಕೊಟ್ಟಾಳ, ಇಂಗ ಕೊಟ್ಟಾಳ, ಮ್ಯಾಲ ಯಾವುದೋ ಚೂರ್ಣ ಕೊಟ್ಟಾಳ. ಮೆಡಿಕಲ್ ಶಾಪ್ ಆಗೇತಿ ನನ್ನ ಕಿಸೆ. ಸರ್, ಒಂದ ಕೇಳ್ಲಿ? ಅಂಜಿಕಿ ಇರಬಹುದೇನ್ರಿ ಅಕಿಗಿ? ಹೊರಗಿನ ಹುಡಿಗ್ಯಾರ ಜೋರ ಇರ್ತಾರ."

"ಇರಬಹುದು."

"ನಿಮ್ಮಂಗ ಬೆರಳ ಮುರದ ಬಂದಿದ್ರ ಮಾತ ಬ್ಯಾರೆ ಇತ್ತು. ಅದು ನಸೀಬ. ಹೊಟ್ಟಿ ಬ್ಯಾನಿಗೆ ಹೊಳ್ಳಿ ಬಂದ್ಲು ಅಂದ್ರ ಮಂದಿ ನಗ್ತಾರ."

ಪಾರಿಸ ಕೃಷ್ಣೆಯ ನೀರು ನೋಡುತ್ತಿದ್ದ. ಈಗ ಹೇಳಿಬಿಡಬಹುದಿತ್ತು. ಯಾರಿಗೂ ಹೇಳಬೇಡಿ ಎಂದು ಹುಡುಗಿ ಅಂದಿದ್ದಾಳೆ, ತಾನು ಹೂಂ ಅಂದಿದ್ದೇನೆ ಎಂದುಕೊಂಡ. ನಿಜವಾದ ಕಾರಣ ಅದಲ್ಲವೆಂದು ಅವನಿಗೂ ಗೊತ್ತಿತ್ತು. ಅವಳ ಮಾತು ಹೇಳಲು ಹೊರಟರೆ ತನ್ನದನ್ನೂ ಹೇಳಬೇಕಾಗುತ್ತದೆ. ಮುಂದಿನ ಟ್ರಾಲಿಯಿಂದ ಒಂದು ಕಬ್ಬು ಜಾರಿ ಬಿತ್ತು. ಶಾಂತಿನಾಥ ಇಳಿದುಹೋಗಿ ಅದನ್ನು ಎತ್ತಿಕೊಂಡು ಬಂದು ಹಿಂದೆ ಹಾಕಿದ.

ಚಿಕ್ಕೋಡಿ ದಾಟಿ ನಿಪ್ಪಾಣಿಗೆ ಬಂದಾಗ ನಾಲ್ಕೂಮುಕ್ಕಾಲು. ಶಿಬಿರ ನಡೆದಿದ್ದುದು ಊರ ಹೊರಗಿನ ಒಂದು ಕಾಲೇಜಿನ ಅಂಗಳದಲ್ಲಿ. ಹದಿನೇಳು ಹುಡುಗಿಯರು ಎರಡು ಬಣ್ಣದ ಜಾಳಿಗೆ ಅಂಗಿ ಹಾಕಿಕೊಂಡು ಓಡುತ್ತಿದ್ದರು. ಸ್ನೇಹಲ ಅವರ ಜೊತೆಗಿರಲಿಲ್ಲ. ಬೇರೆ ರಿಂಗಿನ ಕೆಳಗೆ ಒಬ್ಬಳೇ ನಿಂತು ಫ್ರೀ ಥ್ರೋ ಹೊಡೆಯುತ್ತಿದ್ದಳು. ಕಂಬಕ್ಕೆ ಅವಳ ಬ್ಯಾಗು ಒರಗಿಸಿತ್ತು. ಜಿಪ್ ಹಾಕಿ ಆಗಿತ್ತು.

ಊರಲ್ಲಿ ಹತ್ತಕ್ಕೆ ಒಂಬತ್ತು ಹಾಕುವ ಹುಡುಗಿ. ಪಾರಿಸ ಗೆರೆಯ ಹೊರಗೆ ನಿಂತು ನೋಡಿದ. ಮೊದಲನೆಯದು ರಿಂಗಿಗೂ ಮುಟ್ಟಲಿಲ್ಲ. ಎರಡನೆಯದೂ ಅಷ್ಟೇ. ತಪ್ಪು ಕೈಯಲ್ಲಿರಲಿಲ್ಲ. ಮೊಣಕಾಲು ಬಗ್ಗಿಸಿ ಮೇಲೇಳುವಾಗ ತೊಡೆ ಸಣ್ಣಗೆ ನಡುಗುತ್ತಿತ್ತು, ಅಲ್ಲಿ ಇರಬೇಕಾದ ಬಲ ಅಲ್ಲಿರಲಿಲ್ಲ. ಮುಖ ಒಗೆದ ಅರಿವೆಯಂತೆ ಬಿಳಿಚಿತ್ತು. ಅವಳು ಸರ್ ಬಂದದ್ದನ್ನು ನೋಡಿದಳು, ಅಪ್ಪನನ್ನು ನೋಡಿದಳು, ಮತ್ತೊಂದು ಚೆಂಡು ಎತ್ತಿಕೊಂಡಳು.

ಕೋಚ್ ವಿಕ್ರಾಂತ ಓಡಿ ಬಂದ. ಧಾರವಾಡದ ಕಡೆಯ ಹುಡುಗ, ಮೂವತ್ತರ ಆಸುಪಾಸು, ಕೊರಳಲ್ಲಿ ಸೀಟಿ. ಪಾರಿಸನ ಕೈ ಹಿಡಿದು ಅದರ ಬೆರಳನ್ನು ಒಮ್ಮೆ ನೋಡಿಯೇ ಬಿಟ್ಟ.

"ನಿಮ್ಮ ಬಗ್ಗೆ ಕೇಳೇನ್ರಿ ಸರ್. ನಮ್ಮ ಗುರುಗಳು ಹೇಳ್ತಿದ್ರು. ಒಂದ ಬೆರಳ, ಇಲ್ಲಂದ್ರ ಇಂಡಿಯಾ ಜರ್ಸಿ."

"ಹೂಂ."

"ಈ ಹುಡುಗಿದೂ ಹಂಗ ಆತ್ ನೋಡ್ರಿ. ಮೊದಲ ಎರಡ ದಿನ ಇಕಿ ಆಟ ನೋಡಿ ನನಗ ನಿದ್ದಿ ಬರಲಿಲ್ಲ. ಇಕಿ ನನ್ನ ಮೊದಲ ಐದರಾಗ ಅಂತ ಬರಕೊಂಡಿದ್ದೆ. ಮೂರನೇ ದಿನದಿಂದ ಕಾಲ ಎಳೀತಾಳ. ನಿನ್ನೆ ಎರಡ ಸಲ ಕುಂತ ಬಿಟ್ಲು. ಕೇಳಿದ್ರ ಹೊಟ್ಟಿ ಅಂತಾಳ. ದಮ್ ಇಲ್ರಿ ಸರ್. ನ್ಯಾಷನಲ್‌ಗೆ ದಮ್ ಬೇಕು."

ಅವನು ಒಂದು ಅಚ್ಚು ಹಾಕಿದ ಹಾಳೆ ತಂದು ಶಾಂತಿನಾಥನ ಕೈಗಿತ್ತ. ಅನಾರೋಗ್ಯದ ಕಾರಣದಿಂದ ನನ್ನ ಮಗಳನ್ನು ಶಿಬಿರದಿಂದ ಕರೆದೊಯ್ಯುತ್ತಿದ್ದೇನೆ ಎಂದಿತ್ತು. ಕೆಳಗೆ ಪಾಲಕರ ಸಹಿಗೆ ಜಾಗ. ಸಹಿಯಾದರೆ ಮುಗಿಯಿತು, ಕಾಯುವವರ ಪಟ್ಟಿಯಲ್ಲಿದ್ದ ಬೇರೊಬ್ಬಳು ನಾಳೆಯೇ ಬರುತ್ತಾಳೆ.

ಶಾಂತಿನಾಥ ಕಿಸೆಯಲ್ಲಿ ಓಮದ ಪುಡಿಕೆ, ಇಂಗಿನ ಡಬ್ಬಿ ಸರಿಸಿ ಪೆನ್ನು ಹುಡುಕಿದ. ಹಾಳೆಯನ್ನು ಪಿಕಪ್ಪಿನ ಬಾನೆಟ್ಟಿನ ಮೇಲೆ ಹರವಿದ.

ದಮ್ ಇಲ್ಲ. ಪಾರಿಸ ಆ ಎರಡು ಶಬ್ದಗಳು ಎದೆಯಲ್ಲಿ ಎಲ್ಲಾದರೂ ತಾಗುತ್ತವೇನೋ ಎಂದು ಕಾದ. ತಾಗಲಿಲ್ಲ. ಸೂಜಿ ಚುಚ್ಚಿ ಮರಗಟ್ಟಿಸಿದ ಹಲ್ಲಿನ ಮೇಲೆ ವೈದ್ಯರು ಬಡಿದು ನೋಡಿದ ಹಾಗೆ, ಸಪ್ಪಳ ಕೇಳಿತು, ನೋವಾಗಲಿಲ್ಲ. ಬಿಸಿಲು ಕಾಲೇಜಿನ ನೀರಿನ ಟಾಕಿಯ ಕೆಳಗೆ ಇಳಿದಿತ್ತು. ಇನ್ನು ಒಂದು ಗಂಟೆ. ಅದನ್ನು ಅವನು ಗಡಿಯಾರ ನೋಡದೆ ಹೇಳಬಲ್ಲ, ಮೂವತ್ತೆಂಟು ವರ್ಷಗಳ ರೂಢಿ. ಸ್ನೇಹಲ ಕೂಡ ಚೆಂಡು ಹಿಡಿದು ಒಮ್ಮೆ ಆ ಕಡೆ ನೋಡಿದಳು. ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕುವ ಕಣ್ಣು. ಅಂಗಳದಲ್ಲಿದ್ದ ಇಪ್ಪತ್ತೊಂದು ಮಂದಿಯಲ್ಲಿ ಹಾಗೆ ಬಿಸಿಲು ನೋಡುತ್ತಿದ್ದವರು ಅವರಿಬ್ಬರೇ.

ಅವಳು ಚೆಂಡು ಹಿಡಿದು ನಿಂತೇ ಇದ್ದಳು. ಎಸೆಯಲೂ ಇಲ್ಲ, ಇಡಲೂ ಇಲ್ಲ.

"ಸಿಗೇ," ಎಂದ ಪಾರಿಸ, ಯಾರಿಗೆಂದು ತನಗೂ ಗೊತ್ತಿಲ್ಲದೆ. ಆಮೇಲೆ ಶಾಂತಿನಾಥನ ಕಡೆ ತಿರುಗಿ, "ಸಹಿ ಮಾಡಬ್ಯಾಡ, ಐದ ನಿಮಿಷ ತಡಿ" ಅಂದ.

ಮೆಸ್ಸಿನ ಹಿಂಬದಿಯಿಂದ ಹೊಗೆ ಏಳುತ್ತಿತ್ತು. ಅವನು ಆ ಕಡೆ ನಡೆದದ್ದನ್ನು ಕಂಡು ಸ್ನೇಹಲ ಚೆಂಡು ಬಿಟ್ಟು ಎರಡು ಹೆಜ್ಜೆ ಓಡಿಬಂದಳು.

"ಸರ್... ಬ್ಯಾಡ್ರಿ ಸರ್. ಹೇಳಂಗಿಲ್ಲ ಅಂದಿದ್ರಿ."

ಅವನು ನಿಲ್ಲಲಿಲ್ಲ.

ಅಡಿಗೆಮನೆಯ ಬಾಗಿಲಲ್ಲಿ ದೊಡ್ಡ ಒಲೆ, ಒಲೆಯ ಮುಂದೆ ಮಣೆಯ ಮೇಲೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದ ಹೆಂಗಸು. ಮೆಸ್ಸಿನವರು ಅವಳನ್ನು ಸತ್ತೆವ್ವ ಎಂದು ಕರೆಯುತ್ತಿದ್ದುದು ಹೊರಗಿನಿಂದಲೇ ಕೇಳಿತ್ತು. ಅವಳು ಒಂದು ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಂಚಿನ ಮೇಲೆ ಬಿಟ್ಟು, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದಳು.

"ಯಾರ ಬೇಕ್ರಿ?"

ಪಾರಿಸ ಒಲೆಯಿಂದ ಎರಡು ಹೆಜ್ಜೆ ದೂರ ನಿಂತ. ಹೇಳಬೇಕಾದುದು ಒಂದು ವಾಕ್ಯ. ಅದು ಯಾವ ಶಬ್ದದಿಂದ ಶುರುವಾಗುತ್ತದೆಂದೇ ತಿಳಿಯಲಿಲ್ಲ.

"ಒಂದ ಮಾತ ಕೇಳಬೇಕಿತ್ತವ್ವ."

"ಕೇಳ್ರಿ. ನಾ ಏನ ತಹಶೀಲ್ದಾರಾ, ಅರ್ಜಿ ಬರಕೊಂಡ ಬರಾಕ?"

"ನಮ್ಮ ಹುಡುಗಿ ಒಬ್ಬಾಕಿ ಅದಾಳು. ಕಾಗವಾಡದಾಕಿ. ಹೊತ್ತ ಮುಣಗಿದ ಮ್ಯಾಲ ಉಣ್ಣಂಗಿಲ್ಲ. ನೇಮ ಐತಿ. ಅಕಿಗಿ ಒಂದೀಟ ಲಗೂನ..."

ಸತ್ತೆವ್ವ ರೊಟ್ಟಿ ತಿರುವಿದಳು.

"ಆ ಉದ್ದನ್ನ ಹುಡುಗಿ ಏನ್ರಿ? ದಿನಾ ತಾಟಿಗಿ ಹಾಕಿಸಿಕೊಂಡ ಹೋಗಿ ಬಾಜೂದಾಕಿ ತಾಟಿಗಿ ಸುರೀತಾಳ. ನಾ ಇಲ್ಲಿ ಕುಂತ ನೋಡೇನಿ. ನನ್ನ ಅಡಗಿ ಸೇರವಲ್ತು ಅಂತ ನನಗ ಸಿಟ್ಟ ಬಂದಿತ್ತು." ಅವಳು ತಲೆ ಎತ್ತಿದಳು. "ಇಷ್ಟ ಏನ್ರಿ ಮಾತು?"

"ಇಷ್ಟ."

"ಅಯ್ಯ, ಮೊದಲನೇ ದಿನ ಹೇಳಬಾರದೇನ್ರಿ! ನಾ ಸದಲಗಾದಾಕಿ. ನಮ್ಮ ಓಣಿ ತುಂಬ ನಿಮ್ಮ ಮಂದೀನ ಅದಾರ. ಐದೂವರಿಗೆ ನನ್ನ ರೊಟ್ಟಿ ಒಲಿ ಮ್ಯಾಲ ಇರತಾವ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಯಾವ ಗಡ್ಡಿನೂ ಹಾಕದ ಪಲ್ಯಾ ಒಂದ ವಾಟಗಾ ತಗದ ಇಡ್ತೀನಿ. ಓಡಿ ಬಂದ ತಿಂದ ಹೋಗಲಿ. ಹುಡುಗಿ ಐದ ದಿನ ಹಂಗ ಓಡೇತೇನ್ರಿ, ಶಿವನ!"

ಮಾತು ಮುಗಿಯಿತು. ಹಂಚಿನ ಮೇಲಿದ್ದ ರೊಟ್ಟಿ ಆಗ ಬೆಂದಿತ್ತು. ಅವಳು ಅದನ್ನು ಎತ್ತಿ ಬುಟ್ಟಿಗೆ ಹಾಕಿ ಇನ್ನೊಂದನ್ನು ಬಡಿಯತೊಡಗಿದಳು.

ಪಾರಿಸ ಬುಟ್ಟಿಯನ್ನು ನೋಡುತ್ತ ನಿಂತ. ಒಂದು ರೊಟ್ಟಿ ಬೇಯುವಷ್ಟು ಹೊತ್ತು. ಅಷ್ಟೇ ಹಿಡಿದದ್ದು. ಇನ್ನೇನಾದರೂ ಕೇಳುತ್ತಾಳೆ, ಮೇಲಿನವರನ್ನು ವಿಚಾರಿಸುತ್ತೇನೆ ಎನ್ನುತ್ತಾಳೆ, ಒಬ್ಬಳಿಗಾಗಿ ಬೇರೆ ಮಾಡಲು ಆಗುವುದಿಲ್ಲ ಎನ್ನುತ್ತಾಳೆ ಎಂದು ಅವನು ಕಾಯುತ್ತಿದ್ದ. ಅವಳು ಒಲೆಗೆ ಇನ್ನೊಂದು ಕಟ್ಟಿಗೆ ದೂಡಿದಳು, ಅಷ್ಟೇ.

ಅಂಗಳಕ್ಕೆ ಮರಳಿ ವಿಕ್ರಾಂತನಿಗೆ ಹೇಳಿದ. ಎರಡನೆಯ ಸಲ ಮಾತು ತಡವರಿಸಲಿಲ್ಲ.

"ಅಷ್ಟೇನ್ರಿ ಸರ್?" ವಿಕ್ರಾಂತನ ಸೀಟಿ ಬಾಯಿಂದ ಜಾರಿತು. "ಐದೂವರಿಗೆ ನೀರಿನ ಬ್ರೇಕ್ ಹೆಂಗೂ ಐತಿ. ಇಕಿಗಿ ಹದಿನೈದು ನಿಮಿಷ ಕೊಡ್ತೀನಿ. ಉಂಡ ಓಡಾಕ ಆಗಂಗಿಲ್ಲ, ಮುಂದಿನ ತಾಸು ಇಕಿಗಿ ಬರೇ ಶೂಟಿಂಗ್ ಹಾಕ್ತೀನಿ. ಏ ಸ್ನೇಹಲ, ಬಾ ಇಲ್ಲೆ! ಐದ ದಿನ ನನ್ನ ಕಡಿಂದ ಉಪಾಸ ಓಡಿಸಿಕೊಂಡಿಯಲ್ಲ, ಬಾಯಿ ಏನ್ ಮನ್ಯಾಗ ಇಟ್ಟ ಬಂದಿದ್ದಿ?"

ಹುಡುಗಿ ತಲೆ ತಗ್ಗಿಸಿ ನಿಂತಳು. ಶಾಂತಿನಾಥ ಮಗಳನ್ನೂ ಸರ್‌ನನ್ನೂ ನೋಡಿದ. ಪೆನ್ನಿನ ಮುಚ್ಚಳ ಹಾಕಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಓಮದ ಪುಡಿಕೆಯ ಜೊತೆ ಕಿಸೆಯಲ್ಲಿಟ್ಟುಕೊಂಡ.

ಐದೂವರೆಗೆ ಅಪ್ಪ ಮಗಳು ಅಡಿಗೆಮನೆಯ ಕಟ್ಟೆಯ ಮೇಲೆ ಕೂತರು, ಪಾರಿಸ ಪಕ್ಕದಲ್ಲಿ ನಿಂತ. ಸತ್ತೆವ್ವ ಸ್ನೇಹಲಳ ತಾಟಿಗೆ ಎರಡು ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಹಾಕಿದಳು. ಹುಡುಗಿ ಯಾರನ್ನೂ ನೋಡದೆ ಉಣ್ಣತೊಡಗಿದಳು. ಸತ್ತೆವ್ವ ಶಾಂತಿನಾಥನಿಗೂ ಬಡಿಸಿ, ಪಾರಿಸನ ಕಡೆ ತಾಟು ಚಾಚಿದಳು.

"ನೀವೂ ಎರಡ ತಿನ್ರಿ ಸರ್. ಹಾದಿ ದೂರ ಐತಿ, ಆಮ್ಯಾಲ ನಿಮಗೂ ನಡಿಯಂಗಿಲ್ಲ."

"ಬ್ಯಾಡವ್ವ," ಎಂದ ಪಾರಿಸ. "ಹೊಟ್ಟಿ ಸರಿ ಇಲ್ಲ."

ಹೇಳಿದ ಮೇಲೆ ಅವನಿಗೆ ಅದು ಕೇಳಿಸಿತು. ಹಸಿವಾಗಿತ್ತು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಯಾರೂ ಏನೂ ಕೇಳಿರಲಿಲ್ಲ. ಆ ಮಾತು ತಾನೇ ಎದ್ದು ಬಂದಿತ್ತು, ಕರೆಯದಿದ್ದರೂ ಹಳೆಯ ನಾಯಿ ಬಾಗಿಲಿಗೆ ಬರುವ ಹಾಗೆ.

ಸ್ನೇಹಲಳ ಕೈ ತಾಟಿನಲ್ಲಿಯೇ ನಿಂತಿತು. ಅವಳು ತಲೆ ಎತ್ತಿ ಸರ್‌ನ ಮುಖ ನೋಡಿದಳು. ಐದು ದಿನದಿಂದ ಅದೇ ಮಾತು ಹೇಳಿದವಳು, ಅದರ ರುಚಿ ಅವಳಿಗೆ ಗೊತ್ತಿತ್ತು. ನೋಡುತ್ತ ನೋಡುತ್ತ ಅವಳ ಕಣ್ಣು ಅವನ ಬೆರಳಿಗೆ ಇಳಿಯಿತು, ಮತ್ತೆ ಮುಖಕ್ಕೆ ಬಂತು. ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದಳು.

"ಸರ್," ಅಂದಳು ಮೆಲ್ಲಗೆ, "ಹೊತ್ತ ಇನ್ನೂ ಐತ್ರಿ."

ಪಾರಿಸ ಕೂತು ತಾಟು ತೆಗೆದುಕೊಂಡ. ರೊಟ್ಟಿ ಸುಡುತ್ತಿತ್ತು. ನಾಲ್ಕು ಬೆರಳು ಹಿಂದೆ ಸರಿದವು, ಒಂದು ಸರಿಯಲಿಲ್ಲ. ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆಯೋ ಕಡಿಮೆಯೋ ತಿಳಿಯಲಿಲ್ಲ. ಎರಡು ರೊಟ್ಟಿ ತಿಂದು ತಾಟಿನಲ್ಲೇ ಕೈ ತೊಳೆದು, ಒಂದು ಕಣವೂ ಕೆಡದಂತೆ ಆ ನೀರು ಕುಡಿದ, ಮನೆಯಲ್ಲಿ ಕುಡಿಯುವ ಹಾಗೆ.

ಮುಂದೆ ಹತ್ತನೆಯ ದಿನ ಪಟ್ಟಿ ಹಾಕಿದಾಗ ಸ್ನೇಹಲಳ ಹೆಸರು ಹನ್ನೆರಡರಲ್ಲಿ ಹನ್ನೊಂದನೆಯದಾಗಿತ್ತು. ಮೊದಲ ಐದರಲ್ಲಿ ಅಲ್ಲ. ಕಳೆದ ಐದು ದಿನಗಳನ್ನು ಯಾರೂ ತಿರುಗಿ ಕೊಡುವುದಿಲ್ಲ. ಆದರೂ ಹನ್ನೊಂದನೆಯದು. ಆ ಮಾತು ಆಮೇಲಿನದು. ಅಂದು ಸಂಜೆ ಅವಳು ಬ್ಯಾಗನ್ನು ಹೆಗಲಿಗೇರಿಸಿ ಹಾಸ್ಟೆಲಿನ ಕಡೆ ಓಡಿದಳು, ಅವರಿಬ್ಬರು ಪಿಕಪ್ ಹತ್ತಿದರು.

ನಿಪ್ಪಾಣಿ ಬಿಡುತ್ತಿದ್ದಂತೆ ಹೊತ್ತು ಮುಳುಗಿತು. ಚಿಕ್ಕೋಡಿಯ ದೀಪಗಳು ಹಿಂದೆ ಬಿದ್ದ ಮೇಲೆ ಶಾಂತಿನಾಥ ಕೇಳಿದ.

"ಮನ್ಯಾಗ ಹಡದವರಿಗೆ ಗೊತ್ತಾಗಲಿಲ್ಲ. ನಿಮಗ ಹೆಂಗ ಗೊತ್ತಾತ್ರಿ ಸರ್?"

ಪಾರಿಸ ಮುಂದಿನ ರಸ್ತೆಯನ್ನೇ ನೋಡುತ್ತಿದ್ದ. ಹೇಳುವುದು ಕಷ್ಟವಾಗಲಿಲ್ಲ. ಯಾರದೋ ಸುದ್ದಿ ಹೇಳಿದಂತೆ ಹೇಳಿದ.

"ನನ್ನ ಬೆರಳ ಮುರದದ್ದು ಹನ್ನೆರಡನೇ ದಿನ. ಊಟ ಬಿಟ್ಟದ್ದು ಮೊದಲನೇ ದಿನ."

ಶಾಂತಿನಾಥ ಗೇರು ಬದಲಿಸಿದ. ಅಂಕಲಿ ಬಂತು, ಹೋಯಿತು. ಮಾಂಜರಿ ಸೇತುವೆಯ ಮೇಲೆ ಮತ್ತೆ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ಅವನು ಎಂಜಿನ್ ಬಂದ್ ಮಾಡಿ, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತ. ಕೆಳಗೆ ನೀರು ಕಾಣುತ್ತಿರಲಿಲ್ಲ, ಸಪ್ಪಳ ಮಾತ್ರ ಬರುತ್ತಿತ್ತು.

"ಸರ್," ಎಂದ. "ಬೆಂಗಳೂರಾಗ, ನಿಮ್ಮ ಶಿಬಿರದಾಗ, ಅಡಗಿ ಯಾರ್ ಮಾಡ್ತಿದ್ರು?"

ಪಾರಿಸ ನೆನಪು ಮಾಡಿಕೊಳ್ಳಲು ನೋಡಿದ. ಅಂಗಳ ನೆನಪಿತ್ತು, ರಿಂಗಿನ ಹರಿದ ಬಲೆ ನೆನಪಿತ್ತು, ಮಲಗುತ್ತಿದ್ದ ಮಂಚದ ಸದ್ದು, ನಕ್ಕವರ ಹಲ್ಲು, ಎಲ್ಲ ನೆನಪಿತ್ತು. ಅಡಿಗೆಮನೆಯ ಬಾಗಿಲು ಯಾವ ದಿಕ್ಕಿಗಿತ್ತೆಂಬುದೇ ಹೊಳೆಯಲಿಲ್ಲ.

"ಗೊತ್ತಿಲ್ಲ," ಅಂದ. "ಹನ್ನೆರಡ ದಿನದಾಗ ಆ ಕಡೆ ಒಮ್ಮೆನೂ ಹೋಗಲಿಲ್ಲ."

ಮುಂದಿನ ಟ್ರಾಲಿ ಕದಲಿತು. ಶಾಂತಿನಾಥ ಗಾಡಿ ಶುರು ಮಾಡಿದ.